ಕೊರೊನಾ ರಜೆಯಲ್ಲಿ ಏರಿದ ತೂಕ ಯಾಕೆ ಇಳಿಯಲಿಲ್ಲ?

ಪ್ರಶ್ನೆ: ನಮ್ಮದು ದಾವಣಗೆರೆ. ಲಾಕ್‌ಡೌನ್ ಶುರುವಾದಾಗ ನಮ್ಮ ಮಗ ಎರಡನೇ ಕ್ಲಾಸು ಮುಗಿಸುತ್ತಿದ್ದ. ಆಗ ಸಣಕಲು ಹುಡುಗ. ಸ್ಕೂಲು ಮತ್ತೆ ತೆರೆಯುವಷ್ಟರಲ್ಲಿ ಹಳೆಯ ಯೂನಿಫಾರ್ಮಿನ ಗುಂಡಿ ಹಾಕೋಕೆ ಬರಲಿಲ್ಲ. ಸ್ಕೂಲಿಗೆ ಹೋಗತೊಡಗಿದರೆ ಸರಿಹೋಗುತ್ತೆ ಅಂದುಕೊಂಡೆವು. ಆಗಲಿಲ್ಲ. ಈಗ ಅವನಿಗೆ 13 ವರ್ಷ, ಎತ್ತರ 150 ಸೆಂ.ಮೀ., ತೂಕ 58 ಕೆ.ಜಿ. ನಮ್ಮ ಅತ್ತೆ ‘ಬೆಳೆಯೋ ಹುಡುಗ, ಎತ್ತರ ಆದ ಹಾಗೆ ಕರಗುತ್ತೆ, ಸುಮ್ನೆ ಕಣ್ಣು ಹಾಕಬೇಡಿ’ ಅಂತಾರೆ. ಕುತ್ತಿಗೆ ಹಿಂದೆ ಕಪ್ಪಾಗಿದೆ, ಎಷ್ಟು ತಿಕ್ಕಿದರೂ ಹೋಗುತ್ತಿಲ್ಲ. ಇನ್ನೊಂದು ವಿಷಯ. ನಮ್ಮ ಮನೆಗೆಲಸಕ್ಕೆ ಬರುವವರ ಮಗಳಿಗೂ ಇದೇ ವಯಸ್ಸು, ಸರ್ಕಾರಿ ಶಾಲೆ. ಅವಳು ಅದೇ ಎರಡು ವರ್ಷದಲ್ಲಿ ಸೊರಗಿಹೋದಳು. ಈಗಲೂ ಸುಸ್ತು ಅಂತಾಳೆ. ಒಂದೇ ಕೊರೊನಾ ಒಬ್ಬರನ್ನು ದಪ್ಪ, ಇನ್ನೊಬ್ಬರನ್ನು ಸಣ್ಣ ಮಾಡಿದ್ದು ಹೇಗೆ? ಈಗ ಏನು ಮಾಡಬೇಕು?

ಉತ್ತರ: ನಿಮ್ಮ ಮಗನ ತೂಕ ತಾನಾಗಿಯೇ ಇಳಿಯುತ್ತದೆ ಎಂದು ಕಾಯುತ್ತಾ ಕೂರಬೇಡಿ. ಆದರೆ ಗಾಬರಿಯೂ ಬೇಡ. ಈ ವಯಸ್ಸಿನಲ್ಲಿ ಕೈಯಲ್ಲಿ ಒಂದು ಒಳ್ಳೆಯ ಅವಕಾಶವಿದೆ. ನಿಮ್ಮ ಅತ್ತೆಯವರ ಮಾತಿನಲ್ಲೂ ಅರ್ಧ ಸತ್ಯ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು, ಯಾಕೆ ಇಳಿಯಲಿಲ್ಲ ಎಂಬುದು. ಇಂಗ್ಲೆಂಡಿನಲ್ಲಿ ಪ್ರತಿ ವರ್ಷ ಶಾಲೆಗಳಲ್ಲಿ ಎರಡು ವಯಸ್ಸಿನ ಮಕ್ಕಳ ಎತ್ತರ, ತೂಕ ಅಳೆಯುತ್ತಾರೆ. ಒಂದು ಗುಂಪು 4-5 ವರ್ಷದವರು, ಇನ್ನೊಂದು 10-11 ವರ್ಷದವರು. 2019-20ರಲ್ಲಿ ಚಿಕ್ಕವರಲ್ಲಿ ಬೊಜ್ಜು ಇದ್ದವರು ನೂರಕ್ಕೆ 9.9. ಒಂದೇ ವರ್ಷದಲ್ಲಿ ಅದು 14.4ಕ್ಕೆ ಏರಿತು. ದೊಡ್ಡವರಲ್ಲಿ 21 ಇದ್ದದ್ದು 25.5 ಆಯಿತು. ಅಷ್ಟು ದೊಡ್ಡ ಜಿಗಿತವನ್ನು ಅಲ್ಲಿ ಹಿಂದೆ ಕಂಡಿರಲಿಲ್ಲ. ಆಮೇಲೆ ಶಾಲೆ ತೆರೆದವು. ಮುಂದಿನ ಎರಡು ವರ್ಷಗಳಲ್ಲಿ ಚಿಕ್ಕವರ ಲೆಕ್ಕ 10.1ಕ್ಕೆ, ಮತ್ತೆ 9.2ಕ್ಕೆ ಇಳಿಯಿತು. ಅಂದರೆ ಕೊರೊನಾಕ್ಕಿಂತ ಮೊದಲಿದ್ದ ಜಾಗಕ್ಕೇ ಬಂದರು. ದೊಡ್ಡವರಲ್ಲಿ 23.4, ಆಮೇಲೆ 22.7. ಇಳಿದದ್ದು ನಿಜ, ಪೂರ್ತಿ ಇಳಿಯಲಿಲ್ಲ.

ನಿಮ್ಮ ಮಗ ಈ ಎರಡು ಗುಂಪಿನ ನಡುವಿನವನು. ಶಾಲೆ ಮುಚ್ಚಿದಾಗ ಅವನಿಗೆ ಏಳೆಂಟು ವರ್ಷ, ತೆರೆದಾಗ ಒಂಬತ್ತು ದಾಟಿತ್ತು. ನಾಲ್ಕು ವರ್ಷದ ಮಗು ತಿನ್ನುವುದು ದೊಡ್ಡವರು ತಟ್ಟೆಗೆ ಹಾಕಿದ್ದನ್ನು. ಒಂಬತ್ತು ವರ್ಷದ ಹುಡುಗನಿಗೆ ಫ್ರಿಜ್ ತೆಗೆಯಲು ಬರುತ್ತದೆ, ಅಂಗಡಿಗೆ ಹೋಗಲು ಬರುತ್ತದೆ, ಫೋನು ಹಿಡಿದು ಮೂರು ತಾಸು ಕೂರಲು ಬರುತ್ತದೆ. ಆ ವಯಸ್ಸಿನಲ್ಲಿ ಕಲಿತದ್ದನ್ನು ಅವನು ಶಾಲೆ ತೆರೆದ ಮೇಲೂ ಜೊತೆಯಲ್ಲೇ ಒಯ್ದ. ಅಮೆರಿಕದಲ್ಲಿ ಸುಮಾರು 4.3 ಲಕ್ಷ ಮಕ್ಕಳ ತೂಕದ ದಾಖಲೆ ನೋಡಿದಾಗಲೂ ಹೀಗೇ ಕಂಡಿತು. ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, ಏರುವ ವೇಗ ಕೊರೊನಾ ಕಾಲದಲ್ಲಿ ಸುಮಾರು ದುಪ್ಪಟ್ಟಾಗಿತ್ತು. 6ರಿಂದ 11 ವರ್ಷದವರಲ್ಲಿ ಆ ಏರಿಕೆ ಎದ್ದು ಕಾಣುತ್ತಿತ್ತು.

ಮನೆಯಲ್ಲೇ ಇದ್ದ ಮಾತ್ರಕ್ಕೆ ಮಕ್ಕಳು ಯಾಕೆ ದಪ್ಪಗಾಗಬೇಕು? ಮನೆ ಊಟ ಒಳ್ಳೆಯದಲ್ವಾ ಎಂದು ಎಷ್ಟೋ ತಾಯಂದಿರು ಕೇಳುತ್ತಾರೆ. ಊಟ ಒಳ್ಳೆಯದೇ. ಊಟಕ್ಕೆ ಹೊತ್ತು ಗೊತ್ತು ಇಲ್ಲದಿರುವುದು ತೊಂದರೆ. ಬೇಸಿಗೆ ರಜೆಗೆ ಅಜ್ಜಿ ಮನೆಗೆ ಹೋಗಿ ಮೈ ತುಂಬಿಕೊಂಡು ಬರುವುದು ನಮ್ಮಲ್ಲಿ ಖುಷಿಯ ವಿಷಯ. ಅಮೆರಿಕದ ಸಂಶೋಧಕರು ಅದನ್ನೇ ಅಳೆದು ನೋಡಿದರು. ಯುಕೆಜಿ ವಯಸ್ಸಿನಿಂದ ಎರಡನೇ ಕ್ಲಾಸು ಮುಗಿಯುವವರೆಗೆ ಸಾವಿರಾರು ಮಕ್ಕಳ ತೂಕವನ್ನು ರಜೆಗೆ ಮುಂಚೆ, ರಜೆಯ ನಂತರ ಎಂದು ಬೇರೆ ಬೇರೆಯಾಗಿ ದಾಖಲಿಸಿ, 2016ರಲ್ಲಿ ಪ್ರಕಟಿಸಿದರು. ಬೊಜ್ಜು ಇರುವ ಮಕ್ಕಳ ಪಾಲು ಏರಿದ್ದು ಬೇಸಿಗೆ ರಜೆಗಳಲ್ಲಿ ಮಾತ್ರ. ಶಾಲೆ ನಡೆಯುವ ತಿಂಗಳುಗಳಲ್ಲಿ ಏರಲೇ ಇಲ್ಲ.

ನಮ್ಮಲ್ಲಿ ಆ ರಜೆ ಎರಡು ತಿಂಗಳಿನದು. ಕೊರೊನಾ ರಜೆ? ಕರ್ನಾಟಕದಲ್ಲಿ 2020ರ ಮಾರ್ಚ್ ಮಧ್ಯದಲ್ಲಿ ಮುಚ್ಚಿದ ಶಾಲೆ 1ರಿಂದ 5ನೇ ತರಗತಿಯವರಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಹತ್ತೊಂಬತ್ತು ತಿಂಗಳು. ನಡುವೆ ವಿದ್ಯಾಗಮ ಅಂತ ಗುಡಿಯ ಕಟ್ಟೆ, ಮರದ ನೆರಳಲ್ಲಿ ಸ್ವಲ್ಪ ದಿನ ಪಾಠ ನಡೆಯಿತು, ಅದೂ ನಿಂತಿತು. ಏಳೆಂಟು ವರ್ಷದ ಮಗುವಿನ ಜೀವನದಲ್ಲಿ ಹತ್ತೊಂಬತ್ತು ತಿಂಗಳು ಎಂದರೆ ಬಹಳ ದೊಡ್ಡ ಕಾಲ.

ಶಾಲೆಯ ಒಂದು ದಿನ ನೆನಪಿಸಿಕೊಳ್ಳಿ. ಎಂಟಕ್ಕೆ ತಿಂಡಿ. ಹನ್ನೊಂದರ ಹೊತ್ತಿಗೆ ಸಣ್ಣ ಬಿಡುವು, ಸಣ್ಣ ಡಬ್ಬಿ. ಒಂದು ಗಂಟೆಗೆ ಊಟ. ನಾಲ್ಕಕ್ಕೆ ಮನೆ. ಈ ನಡುವೆ ಹುಡುಗನ ಕೈಗೆ ತಿನ್ನಲು ಏನೂ ಸಿಗುವುದಿಲ್ಲ. ಟೀಚರ್ ಬಿಡುವುದಿಲ್ಲ. ಬೇಕು ಎನಿಸಿದರೂ ಗಂಟೆ ಹೊಡೆಯಬೇಕು. ಮೆಟ್ಟಿಲು ಹತ್ತುತ್ತಾನೆ, ಬ್ಯಾಗು ಹೊರುತ್ತಾನೆ, ಬಿಡುವಿನಲ್ಲಿ ಓಡುತ್ತಾನೆ. ಇದನ್ನೆಲ್ಲ ಯಾರೂ ವ್ಯಾಯಾಮ ಅಂತ ಲೆಕ್ಕ ಹಾಕಿರಲಿಲ್ಲ.

ಲಾಕ್‌ಡೌನಿನ ದಿನ ಹೇಗಿತ್ತು? ರಾತ್ರಿ ಹನ್ನೆರಡರವರೆಗೆ ಟಿವಿ, ಬೆಳಿಗ್ಗೆ ಒಂಬತ್ತಕ್ಕೆ ಏಳುವುದು. ಅಪ್ಪನ ಫೋನಿನಲ್ಲಿ ಕ್ಲಾಸು, ಪಕ್ಕದಲ್ಲೇ ತಿಂಡಿ ತಟ್ಟೆ. ಹನ್ನೊಂದೂವರೆಗೆ ಹಾಲು ಬಿಸ್ಕತ್ತು. ಎರಡಕ್ಕೆ ಊಟ. ನಾಲ್ಕಕ್ಕೆ ಮಂಡಕ್ಕಿ ಮಿರ್ಚಿ, ಬಜ್ಜಿ, ಇಲ್ಲಾಂದ್ರೆ ಯೂಟ್ಯೂಬ್ ನೋಡಿ ಮಾಡಿದ ಗೋಬಿ ಮಂಚೂರಿ, ಕುಕ್ಕರ್ ಕೇಕು. ಆರಕ್ಕೆ ಮತ್ತೆ ಏನಾದರೂ ಬಾಯಾಡಿಸಲು. ಎಲ್ಲರೂ ಮನೆಯಲ್ಲಿ, ಹೊರಗೆ ಸಾವಿನ ಸುದ್ದಿ, ಒಳಗೆ ಬೇಸರ. ಮಗುವಿಗೆ ಸಮಾಧಾನ ಮಾಡಲು ನಮ್ಮ ಕೈಯಲ್ಲಿ ಇದ್ದದ್ದು ತಿಂಡಿಯೊಂದೇ. ತಪ್ಪು ಅಂತ ಹೇಳುತ್ತಿಲ್ಲ. ಆ ದಿನಗಳಲ್ಲಿ ಯಾವ ತಾಯಿಯೂ ಬೇರೆ ಏನು ಮಾಡಲು ಸಾಧ್ಯವಿತ್ತು? ಅದರ ಮೇಲೆ ರೋಗನಿರೋಧಕ ಶಕ್ತಿಯ ಹೆಸರಿನಲ್ಲಿ ಬೆಲ್ಲದ ಕಷಾಯ, ತುಪ್ಪದ ಲಾಡು, ಚ್ಯವನಪ್ರಾಶ. ಅವೂ ಊಟದ ಬದಲಿಗೆ ಬರಲಿಲ್ಲ, ಊಟದ ಮೇಲೆ ಬಂದವು.

ಇಟಲಿಯ ವೆರೋನಾದಲ್ಲಿ ಮೊದಲ ಲಾಕ್‌ಡೌನಿನ ಮೂರನೇ ವಾರದಲ್ಲೇ ಒಂದು ಸಣ್ಣ ಅಧ್ಯಯನ ಮಾಡಿದರು. ಆಗಲೇ ಬೊಜ್ಜು ಇದ್ದ 41 ಮಕ್ಕಳು. ದಿನದ ಊಟದ ಸಂಖ್ಯೆ ಸರಾಸರಿ ಒಂದಕ್ಕಿಂತ ಜಾಸ್ತಿ ಏರಿತ್ತು. ಪರದೆ ಮುಂದೆ ಕೂರುವುದು ದಿನಕ್ಕೆ ಸುಮಾರು 5 ಗಂಟೆ ಹೆಚ್ಚಾಗಿತ್ತು. ಆಟ ವಾರಕ್ಕೆ ಎರಡು ಗಂಟೆಗೂ ಹೆಚ್ಚು ಕಡಿಮೆಯಾಗಿತ್ತು. ಚಿಪ್ಸು, ಸಿಹಿ ಪಾನೀಯ ಏರಿತ್ತು. ತರಕಾರಿ ಮಾತ್ರ ಎಷ್ಟಿತ್ತೋ ಅಷ್ಟೇ. ಇದೆಲ್ಲ ಮೂರೇ ವಾರಕ್ಕೆ ಆದದ್ದು.

ಈಗ ನಿಮ್ಮ ಎರಡನೇ ಪ್ರಶ್ನೆ. ನನಗೆ ಇದು ಮೊದಲನೆಯದಕ್ಕಿಂತ ದೊಡ್ಡದು ಅನಿಸುತ್ತದೆ.

2020ರ ಏಪ್ರಿಲ್, ಮೇ ತಿಂಗಳಲ್ಲಿ ಪಾರ್ಲೆ-ಜಿ ಬಿಸ್ಕತ್ತು ತನ್ನ ಎಂಟು ದಶಕದಲ್ಲೇ ಹೆಚ್ಚು ಮಾರಾಟ ಕಂಡಿತು ಎಂದು ಕಂಪನಿಯೇ ಹೇಳಿತ್ತು. ಆ ಪೊಟ್ಟಣ ಎಲ್ಲೆಲ್ಲಿಗೆ ಹೋಯಿತು ನೋಡಿ. ನಿಮ್ಮಂಥ ಮನೆಗಳಲ್ಲಿ ಎರಡು ಊಟದ ನಡುವೆ ಹಾಲಿನಲ್ಲಿ ಅದ್ದಿ ತಿನ್ನಲು. ಊರಿಗೆ ನಡೆದುಹೋಗುತ್ತಿದ್ದ ಕೂಲಿಯವರಿಗೆ, ಕೆಲಸ ಕಳೆದುಕೊಂಡವರ ಮನೆಗಳಲ್ಲಿ, ಅದೇ ರಾತ್ರಿಯ ಊಟ. ಇಂಥ ಗ್ಲೂಕೋಸ್ ಬಿಸ್ಕತ್ತು 100 ಗ್ರಾಂ ತಿಂದರೆ ಸುಮಾರು 450 ಕ್ಯಾಲರಿ. ತೂಕದ ಕಾಲು ಭಾಗದಷ್ಟು ಸಕ್ಕರೆ. ಊಟದ ಮೇಲೆ ತಿಂದವನಿಗೆ ಕೊಬ್ಬಾಯಿತು. ಊಟದ ಬದಲು ತಿಂದವಳಿಗೆ ಹೊಟ್ಟೆ ತುಂಬಿತು, ಮೈಗೆ ಬೇಕಾದ ಪ್ರೋಟೀನು, ಕಬ್ಬಿಣಾಂಶ ಸಿಗಲಿಲ್ಲ.

ಆ ಹುಡುಗಿ ಓದುತ್ತಿದ್ದದ್ದು ಸರ್ಕಾರಿ ಶಾಲೆ. ಅಂದರೆ ಶಾಲೆ ಅವಳಿಗೆ ಊಟದ ಮನೆಯೂ ಆಗಿತ್ತು. ಅಕ್ಷರ ದಾಸೋಹದ ಬಿಸಿಯೂಟ 2002ರಲ್ಲಿ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿತು. ನಿಯಮದ ಪ್ರಕಾರ 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 450 ಕ್ಯಾಲರಿ, 12 ಗ್ರಾಂ ಪ್ರೋಟೀನು. 6ರಿಂದ 8ನೇ ತರಗತಿಗೆ 700 ಕ್ಯಾಲರಿ, 20 ಗ್ರಾಂ ಪ್ರೋಟೀನು. ಅನ್ನ, ತರಕಾರಿ ಬೇಳೆ ಹಾಕಿದ ಸಾಂಬಾರು. 2013ರಿಂದ ಕ್ಷೀರಭಾಗ್ಯದ 150 ಎಂ.ಎಲ್. ಹಾಲು. ಎಷ್ಟೋ ಮನೆಗಳಲ್ಲಿ ಮಕ್ಕಳು ಬೆಳಿಗ್ಗೆ ಏನೂ ತಿನ್ನದೆ ಬರುತ್ತಾರೆ. ಅವರಿಗೆ ದಿನದ ಗಟ್ಟಿ ಊಟ ಇದೇ. ಬೇಳೆ, ಸೊಪ್ಪು ಸೇರಿದ ಊಟ ಎಂದರೂ ಇದೇ.

ಅದು ಒಂದೇ ದಿನಕ್ಕೆ ನಿಂತಿತು. ಸುಪ್ರೀಂ ಕೋರ್ಟು 2020ರ ಮಾರ್ಚ್ 18ರಂದೇ, ಯಾರೂ ಅರ್ಜಿ ಹಾಕದೆ, ಶಾಲೆ ಮುಚ್ಚಿದರೆ ಮಕ್ಕಳ ಊಟದ ಗತಿ ಏನು ಎಂದು ರಾಜ್ಯಗಳನ್ನು ಕೇಳಿತು. ಸರ್ಕಾರ ಅಡುಗೆಯ ಬದಲು ಮನೆಗೆ ಅಕ್ಕಿ, ಬೇಳೆ ಕೊಟ್ಟಿತು. ಕೊಟ್ಟದ್ದು ಒಳ್ಳೆಯದೇ. ಆದರೆ ಎಲ್ಲ ಕಡೆ ತಿಂಗಳಿಗೆ ಸರಿಯಾಗಿ ಸಿಗಲಿಲ್ಲ. ಸಿಕ್ಕ ಅಕ್ಕಿಯೂ ಮನೆಯ ದೊಡ್ಡ ಪಾತ್ರೆಗೆ ಹೋಗುತ್ತದೆ. ಶಾಲೆಯಲ್ಲಿ ಆ ಹುಡುಗಿಯ ತಟ್ಟೆಗೆ ಬೀಳುತ್ತಿದ್ದ ಸೌಟು ಅವಳಿಗೇ ಸೇರುತ್ತಿತ್ತು. ಮನೆಯಲ್ಲಿ ಅದು ಐದು ಪಾಲಾಗುತ್ತದೆ. ಹೆಣ್ಣುಮಗಳ ಪಾಲು ಎಷ್ಟನೆಯದು ಎಂಬುದು ನಿಮಗೂ ಗೊತ್ತು.

ಅಕ್ಕಿಗೆ ಅಷ್ಟೊಂದು ಬರ ಬರಲಿಲ್ಲ. ಪಡಿತರದ ಅಂಗಡಿಯಲ್ಲಿ 2020ರ ಏಪ್ರಿಲ್‌ನಿಂದ ತಲೆಗೆ 5 ಕೆ.ಜಿ. ಧಾನ್ಯ ಹೆಚ್ಚುವರಿಯಾಗಿ, ಪುಕ್ಕಟೆ ಸಿಕ್ಕಿತು. ಎಷ್ಟೋ ಜೀವ ಉಳಿಸಿದ ಕೆಲಸ ಅದು. ಬರ ಬಂದದ್ದು ಅಕ್ಕಿಯ ಜೊತೆಗೆ ಬೇಕಾದ್ದಕ್ಕೆ. ಸಂತೆಗಳು ನಿಂತವು. ಬೆಂಗಳೂರಿನ ಕಲಾಸಿಪಾಳ್ಯ ಮಾರುಕಟ್ಟೆ ತಿಂಗಳುಗಟ್ಟಲೆ ಬಾಗಿಲು ಹಾಕಿತು. ಒಂದು ಕಡೆ ಕೋಲಾರದ ಟೊಮೆಟೊ, ಚಿಕ್ಕಬಳ್ಳಾಪುರದ ದ್ರಾಕ್ಷಿ ಕೊಳ್ಳುವವರಿಲ್ಲದೆ ಹೊಲದಲ್ಲೇ ಕೊಳೆಯಿತು. ಇನ್ನೊಂದು ಕಡೆ ದುಡಿಮೆ ನಿಂತ ಮನೆಯಲ್ಲಿ ಟೊಮೆಟೊ ಕೊಳ್ಳಲು ಕಾಸಿಲ್ಲ. ಮನೆಗೆಲಸದವರನ್ನು ನಾವೆಲ್ಲ ‘ಸದ್ಯಕ್ಕೆ ಬರಬೇಡಿ’ ಎಂದೆವು. ಸಂಬಳ ಕೊಟ್ಟವರೂ ಇದ್ದರು, ಕೊಡದವರೂ ಇದ್ದರು. ಕೈಯಲ್ಲಿ ದುಡ್ಡು ಕಡಿಮೆಯಾದಾಗ ಮೊದಲು ಬಿಡುವುದು ಹಣ್ಣು, ಮೊಟ್ಟೆ. ಆಮೇಲೆ ತರಕಾರಿ, ಬೇಳೆ. ಕೊನೆಗೆ ಉಳಿಯುವುದು ಅನ್ನ, ತಿಳಿಸಾರು. 2020ರ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಹನ್ನೊಂದು ರಾಜ್ಯಗಳ ಬಡವರನ್ನು ಮಾತಾಡಿಸಿದ ‘ಹಂಗರ್ ವಾಚ್’ ಸಮೀಕ್ಷೆಯಲ್ಲೂ ಇದೇ ಕ್ರಮ ಕಂಡಿತು. ಅಕ್ಕಿ, ಗೋಧಿ ಕಡಿಮೆಯಾಯಿತು ಎಂದವರಿಗಿಂತ ಬೇಳೆ ಕಡಿಮೆಯಾಯಿತು ಎಂದವರು ಹೆಚ್ಚು. ಸೊಪ್ಪು ತರಕಾರಿ ಕಡಿಮೆಯಾಯಿತು ಎಂದವರು ಅದಕ್ಕಿಂತ ಹೆಚ್ಚು.

ಅಂದರೆ ಇಬ್ಬರು ಮಕ್ಕಳಿಂದಲೂ ಕೊರೊನಾ ಕಿತ್ತುಕೊಂಡದ್ದು ಶಾಲೆಯನ್ನೇ. ನಿಮ್ಮ ಮಗನಿಗೆ ಶಾಲೆ ತಿನ್ನುವುದಕ್ಕೆ ಒಂದು ಹೊತ್ತು ಹಾಕಿಕೊಟ್ಟಿತ್ತು. ಆ ಹುಡುಗಿಗೆ ತಿನ್ನುವುದನ್ನೇ ಕೊಟ್ಟಿತ್ತು. ಶಾಲೆ ಎಂದರೆ ಪಾಠ, ಪಾಠ ಫೋನಿನಲ್ಲೂ ಆಗುತ್ತದೆ ಎಂದುಕೊಂಡು ಅಷ್ಟು ದಿನ ಮುಚ್ಚಿಟ್ಟೆವು. ಬೇರೆ ಎಲ್ಲ ತೆರೆದ ಮೇಲೂ ಸಣ್ಣ ಮಕ್ಕಳ ಶಾಲೆಯನ್ನು ಕೊನೆಗೆ ತೆರೆದೆವು. ಅದು ಸರಿಯಾಗಲಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೂ ಒಂದು ಸಂಗತಿ ಹೇಳಲೇಬೇಕು. ಈ ಹುಡುಗಿ ತೆಳ್ಳಗಿದ್ದಾಳೆ, ಹಾಗಾಗಿ ಶುಗರ್ ಗಿಗರ್ ಭಯವಿಲ್ಲ ಅಂದುಕೊಳ್ಳಬೇಡಿ. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ, ಊರಿನವರು ಮಿಷನ್ ಆಸ್ಪತ್ರೆ ಅನ್ನುವಲ್ಲಿ, ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಅಳೆಯುತ್ತಾ ಬಂದಿದ್ದಾರೆ. ಯುರೋಪಿನ ಮಕ್ಕಳಿಗಿಂತ ನಮ್ಮ ಮಕ್ಕಳು ಹುಟ್ಟುವಾಗಲೇ ತೂಕದಲ್ಲಿ ಸಣ್ಣವರು. ಆದರೆ ಬೆನ್ನಿನ ಮೇಲಿನ ಚರ್ಮದ ಕೆಳಗಿನ ಕೊಬ್ಬು ಅದಕ್ಕೆ ತಕ್ಕ ಹಾಗೆ ಕಡಿಮೆ ಇರಲಿಲ್ಲ. ಸ್ನಾಯು ಕಡಿಮೆ, ಕೊಬ್ಬು ಇದ್ದೇ ಇದೆ. ಇಂಥ ಮೈಗೆ ಬರೀ ಅನ್ನ, ಬಿಸ್ಕತ್ತು ಹಾಕುತ್ತಾ ಹೋದರೆ ಮೂವತ್ತು ದಾಟುವಾಗ ಹೊಟ್ಟೆ ಬರುತ್ತದೆ, ಸಕ್ಕರೆ ಕಾಯಿಲೆ ಬರುತ್ತದೆ. 2019ರಲ್ಲಿ, ಕೊರೊನಾಕ್ಕೆ ಸ್ವಲ್ಪ ಮೊದಲು, ನಮ್ಮ ರಾಜ್ಯದಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ಅದೇ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 30 ಮಂದಿ ಅತಿತೂಕದವರು. ಕುಳ್ಳಗಾಗಿ ಬೆಳೆದ ಹುಡುಗಿಯೇ ಮುಂದೆ ತೂಕದ ಹೆಂಗಸಾಗುವುದು ಅಪರೂಪವೇನಲ್ಲ.

ಸರಿ, ಈಗ ನಿಮ್ಮ ಮಗನ ವಿಚಾರ. 150 ಸೆಂ.ಮೀ. ಎತ್ತರಕ್ಕೆ 58 ಕೆ.ಜಿ. ಎಂದರೆ ಬಿಎಂಐ 25.8. ದೊಡ್ಡವರ ಲೆಕ್ಕ ಮಕ್ಕಳಿಗೆ ಹಾಕಬಾರದು, ವಯಸ್ಸಿನ ಚಾರ್ಟಿನಲ್ಲಿ ನೋಡಬೇಕು. 13 ವರ್ಷದ ಹುಡುಗನಿಗೆ ಇದು ಬೊಜ್ಜಿನ ಗೆರೆ ದಾಟಿದೆ. ಮನೆಯಲ್ಲೇ ಇನ್ನೊಂದು ಅಳತೆ ಮಾಡಿ. ಟೇಲರ್ ಟೇಪು ತೆಗೆದುಕೊಂಡು ಪಕ್ಕೆಲುಬಿನ ಕೆಳತುದಿ ಮತ್ತು ಸೊಂಟದ ಮೂಳೆಯ ನಡುವೆ ಹೊಟ್ಟೆಯ ಸುತ್ತಳತೆ ನೋಡಿ. ಎತ್ತರದ ಅರ್ಧಕ್ಕಿಂತ, ಅಂದರೆ 75 ಸೆಂ.ಮೀ.ಗಿಂತ ಜಾಸ್ತಿ ಇದ್ದರೆ ಕೊಬ್ಬು ಹೊಟ್ಟೆಯಲ್ಲಿ ಸೇರಿದೆ ಎಂದರ್ಥ.

ಅತ್ತೆಯವರ ಅರ್ಧ ಸತ್ಯ ಇಲ್ಲಿದೆ. ಗಂಡುಮಕ್ಕಳು ಈ ವಯಸ್ಸಿನ ಆಸುಪಾಸಿನಲ್ಲಿ ಒಂದು ವರ್ಷಕ್ಕೆ 7ರಿಂದ 9 ಸೆಂ.ಮೀ. ಬೆಳೆಯುವ ಕಾಲ ಒಂದು ಬರುತ್ತದೆ. ಅವನು 158 ಆದಾಗಲೂ ತೂಕ 58ರಲ್ಲೇ ನಿಂತಿದ್ದರೆ ಬಿಎಂಐ ತಾನಾಗಿ 23.2ಕ್ಕೆ ಇಳಿಯುತ್ತದೆ. ಒಂದು ಕೆ.ಜಿ. ಇಳಿಸದೆಯೇ! ಆದರೆ ತೂಕ ನಿಲ್ಲಬೇಕು. ಸುಮ್ಮನೆ ಬಿಟ್ಟರೆ ಎತ್ತರದ ಜೊತೆ ತೂಕವೂ ಓಡುತ್ತದೆ. ಹಾಗಾಗಿ ನಿಮ್ಮ ಗುರಿ ತೂಕ ಇಳಿಸುವುದಲ್ಲ, ಒಂದು ವರ್ಷ ಅದನ್ನು ಹಿಡಿದು ನಿಲ್ಲಿಸುವುದು. ಡಯಟ್ ಪ್ಲಾನು, ಉಪವಾಸ, ಕೀಟೋ, ಡಬ್ಬಿಯ ಪುಡಿಗಳು ಯಾವುದೂ ಬೇಡ. ಬೆಳೆಯುವ ಮೈಗೆ ಅವು ಕೆಡುಕು.

ಕೊರೊನಾ ಕಿತ್ತುಕೊಂಡ ಹೊತ್ತನ್ನು ಮನೆಗೆ ವಾಪಸ್ ತರುವುದೇ ಮೊದಲ ಕೆಲಸ. ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಊಟ, ಸಂಜೆ ಒಂದು ತಿಂಡಿ, ರಾತ್ರಿ ಊಟ. ನಾಲ್ಕೇ ಸಲ. ನಡುವೆ ನೀರು, ಮಜ್ಜಿಗೆ ಬಿಟ್ಟರೆ ಬೇರೇನೂ ಇಲ್ಲ. ಈ ನಿಯಮ ಅವನೊಬ್ಬನಿಗೆ ಹಾಕಿದರೆ ನಡೆಯುವುದಿಲ್ಲ. ಅಪ್ಪ ಸೋಫಾದಲ್ಲಿ ಚಿಪ್ಸು ತಿನ್ನುತ್ತಾ ಮಗನಿಗೆ ಬೇಡ ಅಂದರೆ ಹುಡುಗ ಕದ್ದು ತಿನ್ನುತ್ತಾನೆ. ಡಬ್ಬದಲ್ಲಿ ಇಲ್ಲದ್ದನ್ನು ಯಾರೂ ತಿನ್ನಲಾರರು, ಆದ್ದರಿಂದ ಕುರುಕಲು ತಿಂಡಿಯನ್ನು ತಿಂಗಳ ಸಾಮಾನಿನ ಪಟ್ಟಿಯಿಂದಲೇ ತೆಗೆಯಿರಿ. ಬೆಣ್ಣೆ ದೋಸೆ ತಿನ್ನಬೇಕೆಂದರೆ ಎಲ್ಲರೂ ಸೇರಿ ಹೋಟೆಲಿಗೆ ಹೋಗಿ, ಕೂತು ತಿಂದು ಬನ್ನಿ. ಅಪರೂಪಕ್ಕೆ ತಿಂದ ದೋಸೆಯಿಂದ ಯಾವ ಮಗುವೂ ಕೆಟ್ಟಿಲ್ಲ.

ತಟ್ಟೆಯಲ್ಲಿ ಅನ್ನದ ಪಾಲು ಕಡಿಮೆ ಮಾಡಲು ಸುಲಭದ ದಾರಿ, ಮೊದಲು ಪಲ್ಯ, ಉಸಲಿ ಬಡಿಸುವುದು. ನಿಮ್ಮ ಕಡೆ ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ, ಸೊಪ್ಪು, ಮೊಸರು ಇದ್ದೇ ಇದೆ. ಇದಕ್ಕಿಂತ ಒಳ್ಳೆಯ ಊಟ ನಾನು ಬರೆದುಕೊಡಲಾರೆ. ಬೆಳಿಗ್ಗೆ ಬರೀ ಮಂಡಕ್ಕಿ ಒಗ್ಗರಣೆ, ಬರೀ ಚಿತ್ರಾನ್ನ ಆದರೆ ಹನ್ನೊಂದಕ್ಕೇ ಹಸಿವಾಗುತ್ತದೆ. ಜೊತೆಗೆ ಒಂದು ಮೊಟ್ಟೆ, ತಿನ್ನದವರು ಮೊಳಕೆ ಕಾಳು ಇಟ್ಟರೆ ಊಟದವರೆಗೆ ತಡೆಯುತ್ತದೆ. ಸಂಜೆಗೆ ಬೇಯಿಸಿದ ಶೇಂಗಾ, ಕಡಲೆ ಉಸಲಿ, ಹಣ್ಣು.

ಕುಡಿಯುವುದರ ಮೇಲೆ ಕಣ್ಣಿಡಿ. 300 ಎಂ.ಎಲ್. ಕೂಲ್‌ಡ್ರಿಂಕ್ಸಿನಲ್ಲಿ ಸುಮಾರು 30 ಗ್ರಾಂ ಸಕ್ಕರೆ, ಅಂದರೆ ಆರು ಚಮಚ. ಪ್ಯಾಕೆಟ್ ಜ್ಯೂಸು ಹಣ್ಣಿನ ಹೆಸರಿನ ಸಕ್ಕರೆ ನೀರು. ಹಾಲಿಗೆ ಹಾಕುವ ಪುಡಿಯ ಹಿಂಬದಿಯ ಚೀಟಿ ಒಮ್ಮೆ ಓದಿ. ಸಕ್ಕರೆ ಎಷ್ಟು ಬರೆದಿದೆ ನೋಡಿ, ಆಮೇಲೆ ತೀರ್ಮಾನ ಮಾಡಿ.

ಊಟದ ಹೊತ್ತಿಗೆ ಫೋನು, ಟಿವಿ ಬಂದ್. ಪರದೆ ನೋಡುತ್ತಾ ತಿಂದವನಿಗೆ ಹೊಟ್ಟೆ ತುಂಬಿದ್ದು ತಿಳಿಯುವುದಿಲ್ಲ. ರಾತ್ರಿ ಫೋನು ಮಲಗುವ ಕೋಣೆಗೆ ಬರಬಾರದು. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ನಿದ್ದೆಗೆಟ್ಟ ಮರುದಿನ ಸಿಹಿಯ ಕಡೆ ಬಾಯಿ ಎಳೆಯುತ್ತದೆ. ದಿನಕ್ಕೆ ಒಂದು ಗಂಟೆ ಬೆವರುವ ಆಟ ಬೇಕು. ಜಿಮ್ಮಿಗೆ ಸೇರಿಸಬೇಡಿ, ಟ್ಯೂಷನ್ನಿಗೆ ಸೈಕಲ್ಲಿನಲ್ಲಿ ಕಳಿಸಿ. ಕೊರೊನಾ ಆದ ಮೇಲೆ ಸಿಲೆಬಸ್ ಮುಗಿಸುವ ಅವಸರದಲ್ಲಿ ಎಷ್ಟೋ ಶಾಲೆಗಳು ಆಟದ ಪೀರಿಯಡ್ಡನ್ನು ಗಣಿತಕ್ಕೆ ಕೊಟ್ಟವು. ನಿಮ್ಮ ಶಾಲೆಯಲ್ಲೂ ಹಾಗೇ ಇದ್ದರೆ ಪೋಷಕರ ಸಭೆಯಲ್ಲಿ ಎದ್ದುನಿಂತು ಕೇಳಿ. ಇನ್ನೊಂದನ್ನೂ ಕೇಳಿ. ಶಾಲೆಯೊಳಗೆ ಮತ್ತು ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಸಕ್ಕರೆ, ಉಪ್ಪು ಜಾಸ್ತಿ ಇರುವ ತಿಂಡಿ ಮಾರುವಂತಿಲ್ಲ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ನಿಯಮ ಮಾಡಿದೆ. ನಿಮ್ಮ ಮಗನ ಶಾಲೆಯ ಗೇಟಿನ ಎದುರು ಏನಿದೆ, ಹೋಗಿ ನೋಡಿ.

ಮನೆಯಲ್ಲಿ ಯಾರೂ ಅವನನ್ನು ‘ಡುಮ್ಮ’, ‘ಗುಂಡ’ ಎಂದು ಕರೆಯಬೇಡಿ, ಪ್ರೀತಿಗೂ ಬೇಡ. ಮದುವೆ ಮನೆಯಲ್ಲಿ ನೆಂಟರು ಅಂದರೆ ನೀವು ತಡೆಯಿರಿ. ಹಂಗಿಸಿಕೊಂಡ ಮಕ್ಕಳ ತೂಕ ಇಳಿಯುವುದಿಲ್ಲ. ಮುಂದೆ ಇನ್ನಷ್ಟು ಏರುತ್ತದೆ ಎಂಬುದಕ್ಕೆ ಸಾಕಷ್ಟು ಪುರಾವೆ ಇದೆ. ಆ ಎರಡು ವರ್ಷ ಮನೆಯಲ್ಲಿ ಕೂಡಿಹಾಕಿದ್ದು ನಾವು. ಬೈಗುಳ ಅವನಿಗೆ ಯಾಕೆ?

ಇನ್ನು ಆ ಕುತ್ತಿಗೆ. ನನ್ನ ಹತ್ತಿರ ಬರುವ ಎಷ್ಟೋ ತಾಯಂದಿರು ಮಗುವಿನ ಕುತ್ತಿಗೆಯನ್ನು ಕಡಲೆಹಿಟ್ಟು, ನಿಂಬೆಹೋಳು, ಕೊನೆಗೆ ತೆಂಗಿನ ನಾರು ಹಾಕಿ ಚರ್ಮ ಕೆಂಪಾಗುವ ತನಕ ತಿಕ್ಕಿರುತ್ತಾರೆ. ಅದು ಕೊಳೆಯಲ್ಲ. ಚರ್ಮ ದಪ್ಪಗಾಗಿ, ಮಖಮಲ್ಲಿನ ಹಾಗೆ ಕಪ್ಪಗಾಗಿರುತ್ತದೆ. ಕಂಕುಳಲ್ಲೂ ಇರುತ್ತದೆ, ನೋಡಿ. ರಕ್ತದ ಸಕ್ಕರೆಯನ್ನು ಹಿಡಿತದಲ್ಲಿಡುವ ಇನ್ಸುಲಿನ್ ಮೈಯಲ್ಲಿ ಸರಿಯಾಗಿ ಕೆಲಸ ಮಾಡದೆ, ಅದರ ಪ್ರಮಾಣ ಏರಿದಾಗ ಹೀಗಾಗುತ್ತದೆ. ಶುಗರ್ ಬಂದಿದೆ ಎಂದಲ್ಲ, ಬರುವ ದಾರಿಯಲ್ಲಿ ಇರಬಹುದು ಎಂದು. ಅಮೆರಿಕದ 24 ಆಸ್ಪತ್ರೆಗಳ ಲೆಕ್ಕದಲ್ಲಿ, ಕೊರೊನಾದ ಮೊದಲ ವರ್ಷ ಮಕ್ಕಳಲ್ಲಿ ಹೊಸದಾಗಿ ಕಂಡ ಟೈಪ್ 2 ಡಯಾಬಿಟಿಸ್ ಹಿಂದಿನ ಎರಡು ವರ್ಷಗಳ ಸರಾಸರಿಗಿಂತ ಶೇ 77ರಷ್ಟು ಏರಿತ್ತು. ಆದ್ದರಿಂದ ತಿಕ್ಕುವುದನ್ನು ಇವತ್ತೇ ನಿಲ್ಲಿಸಿ, ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಬರಿಹೊಟ್ಟೆಯ ಸಕ್ಕರೆ, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ರಕ್ತಪರೀಕ್ಷೆ), ಕೊಲೆಸ್ಟ್ರಾಲ್, ಲಿವರ್ ಪರೀಕ್ಷೆ, ಬಿಪಿ, ಇಷ್ಟು ನೋಡಿಸಿ. ಮಲಗಿದಾಗ ಜೋರಾಗಿ ಗೊರಕೆ ಹೊಡೆಯುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ತೂಕ ಹಿಡಿತಕ್ಕೆ ಬಂದ ಹಾಗೆ ಆ ಕಪ್ಪು ನಿಧಾನಕ್ಕೆ ತಿಳಿಯಾಗುತ್ತದೆ.

ಹೆಣ್ಣುಮಕ್ಕಳಿರುವವರಿಗೆ ಒಂದು ಮಾತು. ಕೊರೊನಾ ಕಾಲದಲ್ಲಿ ಇಟಲಿಯಲ್ಲೂ, ನಮ್ಮ ಪುಣೆಯಲ್ಲೂ ವಯಸ್ಸಿಗಿಂತ ಬೇಗ ದೊಡ್ಡವರಾಗುವ ಹುಡುಗಿಯರ ಸಂಖ್ಯೆ ಏರಿದ್ದನ್ನು ವೈದ್ಯರು ದಾಖಲಿಸಿದ್ದಾರೆ. ಎಂಟು ವರ್ಷಕ್ಕೆ ಮೊದಲೇ ಎದೆ ಬೆಳೆಯುವುದು ಕಂಡರೆ ನಾಚಿಕೆಪಡದೆ ತೋರಿಸಿ.

ನಿಮ್ಮ ಮನೆಗೆ ಬರುವವರ ಮಗಳಿಗೆ ಮಾಡಬೇಕಾದ್ದು ಬೇರೆ. 2024ರ ಸೆಪ್ಟೆಂಬರಿನಿಂದ ಸರ್ಕಾರಿ ಶಾಲೆಗಳಲ್ಲಿ 1ರಿಂದ 10ನೇ ತರಗತಿವರೆಗೆ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ವ್ಯವಸ್ಥೆಯಾಯಿತು, ಮೊಟ್ಟೆ ಬೇಡದವರಿಗೆ ಬಾಳೆಹಣ್ಣು. ಅವಳು ಅದನ್ನು ಶಾಲೆಯಲ್ಲೇ ಕೂತು ತಿನ್ನುತ್ತಾಳೋ ಇಲ್ಲವೋ ವಿಚಾರಿಸಿ. ಈ ವಯಸ್ಸಿನ ಹುಡುಗಿಯರು ಸಂಕೋಚಕ್ಕೆ ಬಿಡುವುದುಂಟು, ತಮ್ಮನಿಗೆಂದು ಮನೆಗೆ ಕಟ್ಟಿಕೊಂಡು ಹೋಗುವುದೂ ಉಂಟು. ಶಾಲೆಯಲ್ಲಿ ವಾರಕ್ಕೊಂದು ಕಬ್ಬಿಣಾಂಶದ ನೀಲಿ ಮಾತ್ರೆ ಕೊಡುತ್ತಾರೆ, ಜಂತುಹುಳುವಿನ ಮಾತ್ರೆಯೂ ಇದೆ. ಕಬ್ಬಿಣಾಂಶದ ಮಾತ್ರೆ ಬರಿಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ ಬರುತ್ತದೆ, ಆಮೇಲೆ ಮಕ್ಕಳು ಎಸೆಯುತ್ತಾರೆ. ಊಟವಾದ ಮೇಲೆ ನುಂಗಲು ಹೇಳಿ, ಅದರ ಹಿಂದೆ ಮುಂದೆ ಒಂದು ಗಂಟೆ ಟೀ ಬೇಡ.

ನಿಮ್ಮ ಮನೆಯಲ್ಲಿ ಮಗನಿಗೆ ಬೇಡ ಎಂದು ತೆಗೆದ ಬಿಸ್ಕತ್ತು, ಬೇಕರಿ ತಿಂಡಿಯನ್ನು ಮಾತ್ರ ಅವಳಿಗೆ ಕೊಟ್ಟು ಕಳಿಸಬೇಡಿ. ನಿಮ್ಮ ಮಗನಿಗೆ ಕೆಟ್ಟದ್ದು ಅವಳಿಗೂ ಕೆಟ್ಟದ್ದೇ. ಕೊಡುವುದಾದರೆ ಶೇಂಗಾ, ತೊಗರಿಬೇಳೆ, ಮೊಟ್ಟೆ ಕೊಡಿ. ಅದಕ್ಕಿಂತ ಹೆಚ್ಚಿನದು, ಕಾಯಿಲೆ ಬಿದ್ದ ದಿನವೂ ಅವಳ ತಾಯಿಯ ಸಂಬಳ ಹಿಡಿಯದಿರುವುದು. ಆ ಮನೆಯ ತರಕಾರಿ ಅದರಿಂದಲೇ ಬರುವುದು.

ಸುಸ್ತು ಅನ್ನುತ್ತಾಳೆ ಎಂದಿರಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆಗೆ ದುಡ್ಡಿಲ್ಲ. ತಾಯಿ ಜೊತೆ ಒಂದು ದಿನ ಬೆಳಿಗ್ಗೆ ಹೋಗಿಬರಲಿ, ಆ ದಿನಕ್ಕೆ ನಿಮ್ಮ ಮನೆಕೆಲಸಕ್ಕೆ ರಜೆ ಕೊಡಿ. 13 ವರ್ಷದವಳಿಗೆ 12ಕ್ಕಿಂತ ಕಡಿಮೆ ಬಂದರೆ ರಕ್ತಹೀನತೆ. ಆಗ ವಾರಕ್ಕೊಂದು ಮಾತ್ರೆ ಸಾಲದು, ದಿನವೂ ಬೇಕಾಗುತ್ತದೆ, ಅದನ್ನೂ ಅಲ್ಲಿಯೇ ಕೊಡುತ್ತಾರೆ. ಮುಟ್ಟಿನಲ್ಲಿ ಜಾಸ್ತಿ ಹೋಗುತ್ತಿದ್ದರೆ ಡಾಕ್ಟರಿಗೆ ಅಥವಾ ಆಶಾ ಕಾರ್ಯಕರ್ತೆಗೆ ಹೇಳಲಿ. ಮೂರು ತಿಂಗಳು ಮಾತ್ರೆ ತಪ್ಪಿಸದೆ ತೆಗೆದುಕೊಂಡ ಮೇಲೆ ಮತ್ತೊಮ್ಮೆ ರಕ್ತ ನೋಡಿಸಿ.